ಅರಳು ಮರಳು

“ಅರುವತ್ತಕ್ಕೆ ಅರಳು ಮರಳು” ಎಂಬ ಮಾತು ಕೇಳಿಬರದ ಮನೆ ನಮ್ಮ ನಾಡಿನಲ್ಲಿ ಇರಲಾರದು. ನಮ್ಮ ಮನೆಯಲ್ಲಿ ಆ ಮಾತೇ ಮೂರು ವರ್ಷ ವೈದ್ಯರ ಸ್ಥಾನದಲ್ಲಿ ಕುಳಿತಿತ್ತು. ಅತ್ತೆಯವರು ಹುಳಿಗೆ ಎರಡು ಸಲ ಉಪ್ಪು ಹಾಕಿದಾಗ ಅರಳು ಮರಳೆಂದು ನಕ್ಕೆವು. ಬೆಳ್ಳಿಯ ಕುಂಕುಮಭರಣಿ ಅಕ್ಕಿಯ ಡಬ್ಬಿಯೊಳಗೆ ಸಿಕ್ಕಿದಾಗಲೂ ನಕ್ಕೆವು. ಅವರು ಪಕ್ಕದ ಮನೆಯಾಕೆಯ ಮುಂದೆ, “ನಮ್ಮ ಸೊಸೆ ಎರಡು ದಿನದಿಂದ ನನಗೆ ಅನ್ನವಿಕ್ಕಿಲ್ಲ” ಎಂದು ಕಣ್ಣೀರಿಟ್ಟ ದಿನ ನಗು ನಿಂತಿತು. ಅವರು ಉಂಡು ಕೈತೊಳೆದು ಆಗಿನ್ನೂ ಅರ್ಧ ಗಂಟೆಯಾಗಿರಲಿಲ್ಲ.

ಇಪ್ಪತ್ತೆರಡು ವರ್ಷ ಅವರ ಕೈಕೆಳಗೆ ಸಂಸಾರ ಮಾಡಿದವಳು ನಾನು. ಆ ಹೊತ್ತು ನನಗೆ ಬಂದುದು ಕನಿಕರವಲ್ಲ, ಕೋಪ. ಇದನ್ನು ವಾಚಕರಿಂದ ಮುಚ್ಚಿಡಲಾರೆ. ಇನ್ನೂ ತೊಳೆಯದ ತಟ್ಟೆಯನ್ನು ತಂದು, “ಇದರಲ್ಲಿ ಉಂಡವರು ಯಾರು, ಹೇಳಿ!” ಎಂದು ಅವರ ಮುಂದೆ ಹಿಡಿದೆ. ಅವರು ತಟ್ಟೆಯನ್ನೂ ನನ್ನನ್ನೂ ಹೆದರಿ ನೋಡಿದರು. ಆ ನೋಟ ಇಂದಿಗೂ ನನ್ನ ಕಣ್ಣಿನಿಂದ ಹೋಗಿಲ್ಲ. ನೆರೆಯಾಕೆ ನನ್ನನ್ನು ನಂಬಲಿಲ್ಲ. ಊರಿನಿಂದ ಬಂದ ನಾದಿನಿಯೂ ನಂಬಲಿಲ್ಲ. ಅವಳೆದುರಿಗೆ ಅತ್ತೆಯವರು ಲಕ್ಷಣವಾಗಿ ಕುಶಲ ವಿಚಾರಿಸಿ, ಹಸೆಯ ಹಾಡನ್ನು ಪೂರ್ತಿಯಾಗಿ ಹೇಳಿದ್ದರು. ಈ ರೋಗದಲ್ಲಿ ನಿನ್ನೆಯದು ಮೊದಲು ಅಳಿದು ಬಾಲ್ಯದ್ದು ಬಹುಕಾಲ ಉಳಿಯುವುದೆಂದು ನಮಗಾರಿಗೂ ತಿಳಿದಿರಲಿಲ್ಲ.

ತಿಳಿಸಿದವರು ಒಬ್ಬ ತರುಣ ವೈದ್ಯರು. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಔಗುಸ್ಟೆ ಡೇಟರ್ ಎಂಬ ಗೃಹಿಣಿಯನ್ನು ಕರೆತಂದರಂತೆ. ಆಕೆ ಸಾಮಾನುಗಳನ್ನು ಎಲ್ಲೆಲ್ಲಿಯೋ ಬಚ್ಚಿಡುತ್ತಿದ್ದಳು. ಗಂಡನ ಮೇಲೆ ಸಂಶಯಪಡುತ್ತಿದ್ದಳು. 1906ರಲ್ಲಿ ಆಕೆ ತೀರಿಕೊಂಡ ಬಳಿಕ ಆಲ್ಜೈಮರ್ ಎಂಬ ವೈದ್ಯರು ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ನರಕೋಶಗಳು ಹಾಳಾಗಿದ್ದುದನ್ನು ಕಂಡರು. ರೋಗಕ್ಕೆ ಅವರ ಹೆಸರೇ ಉಳಿಯಿತು. ಆಸ್ಪತ್ರೆಗೆ ಬಂದಾಗ ಔಗುಸ್ಟೆಯ ವಯಸ್ಸು 51. ನಮ್ಮ ಗಾದೆಯ ಅರುವತ್ತು ಆಕೆಗೆ ಬರಲೇ ಇಲ್ಲ! ಬಚ್ಚಿಟ್ಟ ಸಾಮಾನಿನ ಮಾತು ಕೇಳುತ್ತಲೇ ನನಗೆ ಕುಂಕುಮಭರಣಿ ನೆನಪಾಗಿ ತಲೆ ತಗ್ಗಿತು.

ರೋಗವನ್ನು ಬೇರುಸಹಿತ ಕೀಳುವ ಔಷಧ ಇನ್ನೂ ಇಲ್ಲ. ವಾದ ಮಾಡಬೇಡಿರೆಂದು ವೈದ್ಯರು ಹೇಳಿದುದೇ ನನಗೆ ದೊರೆತ ದೊಡ್ಡ ಮದ್ದು. ಸಂಜೆಯಾದೊಡನೆ ಅತ್ತೆಯವರು ಸೆರಗು ಹೊದ್ದು, “ಕತ್ತಲಾಯಿತು, ಮನೆಗೆ ಹೊರಡಬೇಕು” ಎಂದು ಬಾಗಿಲಿಗೆ ಬರುವರು. ಅವರ ಮನಸ್ಸಿನಲ್ಲಿರುವುದು ಹೊಳೆನರಸೀಪುರದ ತವರು. ಅದು ಬಿದ್ದುಹೋಗಿ ಎಷ್ಟೋ ಕಾಲವಾಯಿತು. ಮೊದಲು, “ಇದೇ ನಿಮ್ಮ ಮನೆ” ಎಂದು ಗದರಿಸಿ ಅಗುಳಿ ಹಾಕುತ್ತಿದ್ದೆ. ಈಗ, “ನಡೆಯಿರಿ, ಹೋಗೋಣ” ಎಂದು ಕೈಹಿಡಿದು ಬೀದಿಯ ಕೊನೆಯ ಅಶ್ವತ್ಥಕಟ್ಟೆಯವರೆಗೆ ಹೋಗಿಬರುತ್ತೇನೆ. ಹಿಂದಿರುಗುವಾಗ ಈ ಮನೆಯೇ ಅವರಿಗೆ ತವರು.

2023ರಲ್ಲಿ ಪ್ರಕಟವಾದ ಗಣನೆಯಂತೆ ನಮ್ಮ ದೇಶದಲ್ಲಿ ಇಂತಹ ಮರೆವಿನ ರೋಗಗಳಿಗೆ ಸಿಕ್ಕಿದ ವೃದ್ಧರು ಸುಮಾರು 88 ಲಕ್ಷ. ಅವರ ಮನೆಗಳಿಗೆ ನೆರವಾಗಲು 1992ರಲ್ಲಿ ಕೇರಳದಲ್ಲಿ ಹುಟ್ಟಿದ ಸಂಘವೊಂದು ಇಂದು ದೇಶದ ಹಲವೆಡೆ ಶಾಖೆಗಳನ್ನು ಹೊಂದಿದೆ. ಅಂಥ ಸಂಘಗಳಿಗೆ ಹಣ ಕೊಡಬಲ್ಲವರು ಕೊಡಲಿ. ಆದರೆ ಇಂತಹ ಮನೆಯ ಹೆಂಗಸಿಗೆ ಬೇಕಾದುದು ಎಷ್ಟೋ ಸಲ ಎರಡು ಗಂಟೆಯ ನಿದ್ದೆ. ನನಗೆ ಅದನ್ನು ಕೊಟ್ಟಾಕೆ, ಹಿಂದೆ ನನ್ನನ್ನು ನಂಬದಿದ್ದ ಆ ನೆರೆಯಾಕೆಯೇ. ಗುರುವಾರದ ಮಧ್ಯಾಹ್ನ ಕಾಕಡ ಹೂವು, ಬಾಳೆಯ ನಾರು ಹಿಡಿದು ಬಂದು ಅತ್ತೆಯವರ ಬಳಿ ಕೂರುವರು. ಹೆಸರುಗಳನ್ನು ಮರೆತ ಅತ್ತೆಯವರ ಬೆರಳುಗಳು ಹೂವು ಕಟ್ಟುವುದನ್ನು ಮರೆತಿಲ್ಲ. ಕಳೆದ ವಾರ ನಾನು ಎದ್ದು ಬರುವಷ್ಟರಲ್ಲಿ ಮೂರು ಮೊಳ ಕಟ್ಟಿದ್ದರು. ನನ್ನನ್ನು ಕಂಡು, “ಯಾರ ಮಗಳಮ್ಮಾ ನೀನು? ಊಟವಾಯಿತೆ?” ಎಂದು ಕೇಳಿ, ಹತ್ತಿರ ಕರೆದು ಒಂದು ತುಂಡು ಮುಡಿಸಿದರು.