ಕಲ್ಲಿನ ಮನಿ ಅಂತ ಧೈರ್ಯ ಬ್ಯಾಡ

ಪ್ರೀತಿಯ ಅಕ್ಕಾ,

ಮೊನ್ನೆ ಫೋನಿನ್ಯಾಗ ನೀ ಅಂದಿ: "ನಮ್ಮದು ಶಹಾಬಾದಿ ಕಲ್ಲಿನ ಮನಿ, ಇದಕ್ಕೆಲ್ಲಿ ಬೆಂಕಿ ಹತ್ತತದ?" ಆ ಮಾತು ಕೇಳಿದಾಗಿಂದ ನನಗ ನಿದ್ದಿ ಸರಿಯಾಗಿಲ್ಲ. ಗ್ವಾಡಿಗೆ ಹತ್ತಂಗಿಲ್ಲ, ನೆಲಕ್ಕ ಹತ್ತಂಗಿಲ್ಲ, ಖರೇ. ಆದರ ಮ್ಯಾಲಿನ ಫರಸಿ ಹೊತ್ತ ತೊಲಿ ಕಟ್ಟಿಗಿದು. ಮತ್ತ ಆ ಕಲ್ಲಾದರೂ ಯಾವುದು? ಸುಣ್ಣದ ಕಲ್ಲು. ವಾಡಿಯೊಳಗ, ಸೇಡಮದಾಗ ಸಿಮೆಂಟ್ ಕಾರ್ಖಾನೆಯವರು ಅದೇ ಜಾತಿ ಕಲ್ಲು ಪುಡಿ ಮಾಡಿ 1450 ಡಿಗ್ರಿ ತನಕ ಸುಡ್ತಾರ. ಮನಿ ಬೆಂಕಿ ಅಷ್ಟು ಕಾಯಂಗಿಲ್ಲ. ಫರಸಿ ಸಿಡಿಲಿಕ್ಕೆ ಅಷ್ಟು ಬೇಕಾಗೂದೂ ಇಲ್ಲ. ಕಾದ ಹಾಸುಗಲ್ಲಿನ ಮ್ಯಾಲ ತಣ್ಣೀರು ಬಿದ್ದರ ಇನ್ನೂ ಜಲ್ದಿ ಬಿರಿತದ.

ಅದಕ್ಕಿಂತ ಹೆಚ್ಚಿನ ಅಂಜಿಕಿ ನನಗ ಹೊಗಿದು. ದಪ್ಪ ಗ್ವಾಡಿ, ಸಣ್ಣ ಕಿಟಕಿ ಇರೂದರಿಂದ ವೈಶಾಖದಾಗ ನಿಮ್ಮ ಮನಿ ತಂಪು. ಅದೇ ಮನಿಯೊಳಗ ಹೊಗಿ ತುಂಬಿದರ ಹೊರಗ ಹೋಗಲಿಕ್ಕೆ ದಾರಿ ಇಲ್ಲ.

ಗುಲ್ಜಾರ್ ಹೌಜಿನ ಬೆಂಕಿ ಸುದ್ದಿ ನೆನಪದ ಅಲ್ಲಾ? ಚಿತ್ತಾಪುರದಾಗ ರೈಲು ಹತ್ತಿ ಹೈದರಾಬಾದಿಗೆ ಹೋಗಿ ನೀ ಬಳಿ ಕೊಂಡು ಬರತಿದ್ದೆಲ್ಲ, ಆ ಚಾರ್‌ಮಿನಾರ್ ಸುತ್ತಿನ ಓಣಿಗೋಳು. 2025ರ ಮೇ 18, ಐತವಾರ ಮುಂಜಾನೆ. ಕೆಳಗ ಅಂಗಡಿ, ಮ್ಯಾಲ ಮನಿ, ಇಳೀಲಿಕ್ಕೆ ಒಂದೇ ಇಕ್ಕಟ್ಟಿನ ದಾರಿ. ಹದಿನೇಳು ಜನ ಹೋದರು, ಅದರೊಳಗ ಎಂಟು ಮಕ್ಕಳು. ಹೆಚ್ಚಿನವರನ್ನ ತಗೊಂಡಿದ್ದು ಹೊಗಿ. ಅದೇ ವರ್ಷ ಆಗಸ್ಟ್ 16ರ ನಸುಕಿನ್ಯಾಗ ಬೆಂಗಳೂರಿನ ನಗರತ್‌ಪೇಟಿಯೊಳಗ ಪ್ಲಾಸ್ಟಿಕ್ ಚಾಪಿ ಇಟ್ಟ ಕಟ್ಟಡಕ್ಕ ಬೆಂಕಿ ಬಿದ್ದು ಐದು ಜನ, ಗಂಡ ಹೆಂಡತಿ ಎರಡು ಮಕ್ಕಳ ಒಂದು ಕುಟುಂಬ ಸೇರಿ. ಇದನ್ನೆಲ್ಲ ನಿನ್ನ ಹೆದರಸಲಿಕ್ಕೆ ಬರದಿಲ್ಲ ಅಕ್ಕಾ. ಸಾಮಾನು ಕೆಳಗ, ಜೀವ ಮ್ಯಾಲ, ನಡುವ ಒಂದೇ ದಾರಿ, ಈ ಲೆಕ್ಕ ನಿಮ್ಮ ಮನಿಯೊಳಗೂ ಅದ. ಮೆಟ್ಟಲ ಮ್ಯಾಲ ಭಾವನ ಪೇಪರಿನ ಗಂಟು, ಹಿಂದಿನ ಬಾಗಲಕ್ಕ ಒತ್ತಿ ತೊಗರಿ ಕಟ್ಟಿಗಿ, ಮೀಟರಿನ ಕೆಳಗ ಹಳೀ ಗಾದಿ ಮತ್ತ ತಟ್ಟಿನ ಚೀಲ.

ನೀ ಯಾಕ ಕೂಡಿಡತಿ ಅನ್ನೂದು ನನಗ ಗೊತ್ತದ. 1972ರ ಬರದಾಗ ಕಣಕಿ ಸಿಗದ ಎತ್ತು ಮಾರಿದ ಮನಿ ಹುಡುಗ್ಯಾರು ನಾವು. ಒಂದು ಚೀಲ, ಒಂದು ಸುತಳಿ ಒಗೀಬಾರದು ಅಂತ ಅವ್ವ ಕಲಿಸಿದ್ದು ತಪ್ಪಲ್ಲ. ತೊಗರಿ ಕಟ್ಟಿಗಿ ಇಲ್ಲದ ಒಲಿ ಚಿಂಚೋಳಿಯಿಂದ ಸೇಡಂ ತನಕ ಯಾವ ಊರಾಗದ? ಆದರ ಅದು ಮನಿಗೆ ಬರೂ ಹೊತ್ತು ನೋಡು. ಪುಷ್ಯದಾಗ ರಾಶಿ ಮುಗೀತದ, ಕಟ್ಟಿಗಿ ಹಿತ್ತಲಕ್ಕ ಬರತದ, ಮುಂದ ಚೈತ್ರ ವೈಶಾಖದ ನಲವತ್ತು ದಾಟಿದ ಬಿಸಲಿನ್ಯಾಗ ನಿಂತು ಗರಿಗರಿ ಆಗತದ. ಆಜೂಬಾಜೂದವರು ಕಸಕ್ಕ ಹಚ್ಚಿದ ಬೆಂಕಿಯ ಒಂದು ಕಿಡಿ ಸಾಕು. ಹೊಟ್ಟು, ಕಣಕಿ ಹಸಿ ಇದ್ದಾಗ ಒತ್ತಿ ಒಟ್ಟಿದರಂತೂ ಕಿಡಿನೂ ಬೇಡ. ಒಳಗಿಂದೊಳಗ ತಾನಾಗೇ ಕಾಯತದ. ಬಣವಿಯೊಳಗ ಕೈ ಹಾಕಿ ನೋಡಿದ ರೈತರಿಗೆ ಇದು ಹೊಸಾದಲ್ಲ.

ಹಂಗಾಗಿ ಬಣವಿ ಹಿತ್ತಲದ ತುದಿಗೆ ಹೋಗಲಿ, ಗ್ವಾಡಿ ಬಿಟ್ಟು ದೂರ. ಒಲಿಗೆ ದಿನಕ್ಕ ಬೇಕಾದ ಎರಡು ಹೊರಿ ಮಾತ್ರ ಒಳಗ ಬರಲಿ. ಹೋಳಿಗೆ ಓಣಿ ಹುಡುಗರು ಕಾಮಣ್ಣಗ ಕಟ್ಟಿಗಿ ಕುಳ್ಳು ಕದೀಲಿಕ್ಕೆ ಬರತಾರಲ್ಲ, ಈ ಸಲ ಬೈಬ್ಯಾಡ, ಮುರದ ಕುರ್ಚಿ ಹಳೀ ತಟ್ಟಿ ನೀನೇ ಕರದು ಕೊಡು. ಗಾದಿ ಸರಿಸಿದ ಮ್ಯಾಲ ಒಬ್ಬ ವೈರ್‌ಮನ್ ಕರಸಿ ಮೀಟರಿನ ಹಿಂದ ನೋಡಸೋಣ. ಇಲಿ ಕಡದ ವೈರಿಂದ ಸಣ್ಣ ಕಿಡಿ ಹಾರಿದರೂ ಗಾದಿ ಹತ್ತಿ ಗಂಟೆಗಟ್ಲೆ ಹೊಗಿಯಾಡತದ. ಮಲಗಿದವರಿಗೆ ಅದು ಗೊತ್ತಾಗಂಗಿಲ್ಲ.

ಭಾವನ ಪೇಪರಿನ ಮಾತು ಎತ್ತಲಿಕ್ಕೆ ನನಗ ಬಾಯಿ ಬರೂದಿಲ್ಲ. ಅವರು ಗೆರಿ ಹೊಡದು ಓದಿದ ಹಾಳಿಗೋಳು ಅವು. ತವರಿನ ಕಬ್ಬಿಣದ ಟ್ರಂಕು ಖಾಲಿ ಅದ, ಅದನ್ನ ತರತೀನಿ. ಅವರ ಲೆಕ್ಕದ ವಹಿ, ನಿನಗ ಬೇಕಾದ ಕಾಗದ ಅದರೊಳಗ ಇಟ್ಟು ಮುಚ್ಚೋಣ. ಮುಚ್ಚಿದ ಟ್ರಂಕಿನ ಕಾಗದಕ್ಕ ಗಾಳಿ ಸಿಗಂಗಿಲ್ಲ, ಅಷ್ಟು ಸುಲಭಕ್ಕ ಹತ್ತೂದಿಲ್ಲ. ಭಾವನ ನೆನಪಿಗೂ ಅದು ಮೆಟ್ಟಲಿಗಿಂತ ಒಳ್ಳೇ ಜಾಗ.

ಬರೂ ಐತವಾರ ತಮ್ಮನ್ನ ಕರಕೊಂಡು ಬರತೀನಿ. ಮೊದಲು ಮೆಟ್ಟಲ, ಆಮ್ಯಾಲ ಹಿಂದಿನ ಬಾಗಲ, ಉಳದದ್ದು ನಿನ್ನ ಮನಸ್ಸು ಒಪ್ಪಿದಷ್ಟು. ನಿನ್ನ ಕೇಳದ ಒಂದು ಚಿಂದಿನೂ ಹೊರಗ ಒಗ್ಯಂಗಿಲ್ಲ, ಇದು ನನ್ನ ಭಾಷಿ. ಅಲ್ಲೀತನಕ ಒಂದು ಕೆಲಸ ಮಾಡು: ರಾತ್ರಿ ಹಿಂದಿನ ಬಾಗಲಕ್ಕ ಬೀಗ ಹಾಕಬ್ಯಾಡ, ಅಗಳಿ ಸಾಕು. ಅದರ ಮುಂದಿನ ಕಟ್ಟಿಗಿ ಹೊರಿ ಪಕ್ಕದ ಹುಡುಗಗ ಹೇಳಿ ಇವತ್ತೇ ಸರಿಸು. 112 ಅನ್ನೂ ನಂಬರ್ ದೊಡ್ಡ ಅಕ್ಷರದಾಗ ಬರದು ಫೋನಿನ ಹತ್ರ ಅಂಟಸು.

ನಿನ್ನ ತಂಗಿ