ತಿರುವಿ ನೋಡಿದರೆ ತಿಳಿಯುವ ಬೆಲೆ

ದಿಲ್ಲಿಯಿಂದ ಡಾಲ್‌ಹೌಸಿಗೆ ಹೋಗುವವರು ಹೆಚ್ಚಾಗಿ ಖಜ್ಜಿಯಾರ್‌ನ ಹುಲ್ಲುಗಾವಲು, ಅದರ ಸುತ್ತಲಿನ ದೇವದಾರು ಮರಗಳನ್ನು ನೋಡಿ ಹಿಂತಿರುಗುತ್ತಾರೆ. ನಾವು ಇನ್ನೂ ಕೆಳಗಿಳಿದು, ರಾವಿ ನದಿ ದಂಡೆಯ ಚಂಬಾ ಊರಿಗೆ ಹೋದೆವು. ಧಾರವಾಡದಿಂದ ಬಂದಿದ್ದ ಅವ್ವ ಜೊತೆಗಿದ್ದಳು.

ಚಂಬಾ ರುಮಾಲೆಂದರೆ ಜೇಬಿನ ಕರವಸ್ತ್ರವಲ್ಲ. ದೇವರ ನೈವೇದ್ಯಕ್ಕೆ, ಮದುವೆಯ ಉಡುಗೊರೆಯ ತಟ್ಟೆಗೆ ಹೊದಿಸುವ ಬಟ್ಟೆ. ತೆಳುವಾದ ಹತ್ತಿಬಟ್ಟೆಯ ಮೇಲೆ ಇದ್ದಿಲಿನಿಂದ ಚಿತ್ರ ಬರೆದುಕೊಂಡು, ಹುರಿ ಮಾಡದ ರೇಷ್ಮೆ ಎಳೆಯಿಂದ ರಾಸಲೀಲೆ, ಮದುವೆ, ಬೇಟೆಯ ದೃಶ್ಯಗಳನ್ನು ಹೊಲಿಯುತ್ತಾರೆ. ಹಳೆಯ ರುಮಾಲುಗಳು 1908ರಲ್ಲಿ ಶುರುವಾದ ಅಲ್ಲಿನ ಭೂರಿ ಸಿಂಗ್ ಮ್ಯೂಸಿಯಂನಲ್ಲಿವೆ.

ಅಂಗಡಿಯಲ್ಲಿ ಅವ್ವ ಮೊದಲು ಮಾಡಿದ್ದೇ ರುಮಾಲನ್ನು ತಿರುವಿ ಹಿಡಿದದ್ದು. “ಹಿಂದ ಮುಂದ ಎರಡೂ ಒಂದ ಐತಿ, ಎಲ್ಲೂ ಗಂಟಿಲ್ಲ ನೋಡವಾ,” ಅಂದಳು. ನಮ್ಮ ಕಸೂತಿಯ ಗವಂತಿ, ಮುರಗಿ ಹೊಲಿಗೆಗಳೂ ಹಾಗೆಯೇ. ಕಸೂತಿಗೆ ಇದ್ದಿಲಿನ ಗೆರೆಯೂ ಇಲ್ಲ. ಎಳೆ ಎಣಿಸಿಯೇ ಹೊಲಿಯಬೇಕು. ಅವ್ವ ನಲವತ್ತು ವರ್ಷ ಇಳಕಲ್ ಸೀರೆಗಳ ಮೇಲೆ ಹಾಗೆ ಎಣಿಸಿದವಳು.

ಪಕ್ಕದ ಪ್ರವಾಸಿಯೊಬ್ಬರು, ಇಷ್ಟು ಚಿಕ್ಕ ಬಟ್ಟೆಗೆ ಇಷ್ಟೊಂದು ದುಡ್ಡೇ ಎಂದು ಹಿಂದಿಯಲ್ಲಿ ಚೌಕಾಸಿಗಿಳಿದರು. ಅವ್ವನಿಗೆ ಹಿಂದಿ ಬಾರದು, ಆದರೆ ಆ ದನಿ ಗೊತ್ತು. ಅದನ್ನು ಕೇಳಿ ಕೇಳಿ ಸಾಕಾಗಿಯೇ ಅವಳು ಕಸೂತಿಯ ಆರ್ಡರ್ ಹಿಡಿಯುವುದನ್ನು ಬಿಟ್ಟದ್ದು.

ಏನೂ ಮಾತಾಡದೆ ತನ್ನ ಸೆರಗನ್ನು ಅಂಗಡಿಯಾಕೆಯ ಮುಂದೆ ಹರವಿದಳು. ಆಕೆಯೂ ಅದನ್ನು ಮೊದಲು ತಿರುವಿ ನೋಡಿದಳು. ಇಬ್ಬರೂ ನಕ್ಕರು.

ನಾವು ಹೇಳಿದಷ್ಟೇ ಬೆಲೆ ಕೊಟ್ಟು ಚಿಕ್ಕದೊಂದು ರುಮಾಲು ತಂದೆವು. ನೀವೂ ಆ ಕಡೆ ಹೋದರೆ ಖಜ್ಜಿಯಾರ್‌ನಿಂದಲೇ ತಿರುಗಬೇಡಿ. ಬೆಲೆ ಕೇಳುವ ಮೊದಲು ಹಿಂಬದಿ ನೋಡಿ.