ಎಣ್ಣೆಯ ಮುನಿಸು

ಕಂಪ್ಲಿಯ ನಮ್ಮ ಮನೆಯಲ್ಲಿ ಎಣ್ಣೆಯೆಂದರೆ ಎರಡೇ: ಒಗ್ಗರಣೆಗೆ ಶೇಂಗಾ ಎಣ್ಣೆ, ಹೊಲಕ್ಕೆ ಡೀಸೆಲ್ಲು. ತಂದೆಯವರು ಹೊಳೆಯ ದಂಡೆಯಲ್ಲಿ ಹೂಡಿದ್ದ ನೀರೆತ್ತುವ ಇಂಜನ್ನಿನ ಡುಗುಡುಗು ಸದ್ದನ್ನು ಕೇಳುತ್ತ ನಾನೂ ನಮ್ಮಣ್ಣನೂ ಬೆಳೆದೆವು. ಇರುಳಿನಲ್ಲಿ ಆ ಸದ್ದು ನಿಂತಿತೆಂದರೆ ತಂದೆಯವರು ಥಟ್ಟನೆ ಎದ್ದು ಕೂಡುತ್ತಿದ್ದರು. ಸದ್ದಿಗೆ ಎಚ್ಚರಗೊಳ್ಳುವವರು ಎಲ್ಲೆಡೆಯೂ ಉಂಟು. ಸದ್ದು ನಿಂತುದಕ್ಕೆ ಎಚ್ಚರಗೊಂಡವರನ್ನು ನಾನು ಕಂಡದ್ದು ಅವರೊಬ್ಬರನ್ನೇ. ಮುಂದೆ ಅಣ್ಣನು ಹೊಲವನ್ನು ಹಿಡಿದನು. ನಾನು ಓದನ್ನು ಹಿಡಿದು ಹೊಸಪೇಟೆಯಲ್ಲಿ ಮೂರು ದಶಕ ಪಾಠ ಹೇಳಿ 2021ರಲ್ಲಿ ನಿವೃತ್ತನಾದೆನು. ಅಣ್ಣನ ಅಂಗಳಕ್ಕೆ ಟ್ರಾಕ್ಟರು ಬಂದಿತು, ಮೊಮ್ಮಕ್ಕಳು ಬಂದರು. ಪೆಟ್ರೋಲು ಪಟ್ಟಣದವರ ಶೋಕಿ ಎಂಬ ಅವನ ಅಭಿಪ್ರಾಯ ಮಾತ್ರ ಇದ್ದಲ್ಲಿಂದ ಕದಲಲಿಲ್ಲ. ಇಂಥ ಮನೆಯಲ್ಲಿ ಹುಟ್ಟಿದ ನಾನು ನನ್ನ ಅರವತ್ತಮೂರನೆಯ ವಯಸ್ಸಿನಲ್ಲಿ ಪೆಟ್ರೋಲಿನ ಹಳೆಯ ಎಸ್ಟೇಟ್ ಕಾರೊಂದನ್ನು ಕೊಂಡೆನು. ಅದಕ್ಕಾಗಿ ಅಣ್ಣನು ನನ್ನೊಡನೆ ಐದು ತಿಂಗಳು ಮಾತು ಬಿಟ್ಟನು.

ಕಾರಿನ ಬಯಕೆ ನನ್ನದಾಗಿರಲಿಲ್ಲ. 2023ರ ಮಳೆಗಾಲದಲ್ಲಿ ಅವ್ವ ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಎಂಬತ್ತೈದರ ಮೂಳೆ, ಕೂಡಿತು, ಆದರೆ ಕಾಲು ಮೊದಲಿನ ಕಾಲಾಗಲಿಲ್ಲ. ಗಾಲಿಕುರ್ಚಿ ಬಂದಿತು. ವೈದ್ಯರು ಹತ್ತಿರವೆಂದು ಅವಳನ್ನು ಹೊಸಪೇಟೆಯ ನನ್ನ ಮನೆಯಲ್ಲಿರಿಸಿಕೊಂಡೆವು. ದೇಹ ಇಲ್ಲಿ, ಜೀವ ಕಂಪ್ಲಿಯಲ್ಲಿ. ತಿಂಗಳಿಗೆ ಎರಡು ಸಲವಾದರೂ ತನ್ನ ಪಡಸಾಲೆಯಲ್ಲಿ ಕೂಡಬೇಕು. ಒಮ್ಮೆ ಸಂಡೂರಿಗೆ ಮಗಳ ಮನೆಗೆ ಹೋಗಬೇಕು. ಹುಣ್ಣಿಮೆಗೆ ಹಂಪಿಯ ವಿರೂಪಾಕ್ಷನನ್ನು ನೋಡಬೇಕು. ಇಷ್ಟು ಅವಳ ಲೋಕಸಂಚಾರ. ಬಾಡಿಗೆಯ ಕಾರುಗಳ ಡಿಕ್ಕಿಯಲ್ಲಿ ಕುರ್ಚಿ ಹಿಡಿಯದು. ನೆತ್ತಿಯ ಮೇಲೆ ಹಗ್ಗದಿಂದ ಬಿಗಿಯಬೇಕು. ಒಂದು ಸಲ ರಾಮಸಾಗರದ ಹತ್ತಿರ ಹಗ್ಗ ಸಡಿಲಿ ಕುರ್ಚಿ ರಸ್ತೆಗೆ ಉರುಳಿತು. ಹಿಂದೆ ಬರುತ್ತಿದ್ದ ಬತ್ತದ ಟ್ರಾಕ್ಟರಿನವನು ಅದನ್ನೆತ್ತಿ ಕೊಟ್ಟು, ಒಳಗಿದ್ದ ಮುದುಕಿಯ ಮುಖವನ್ನು ನೋಡಿ, ಏನೂ ಹೇಳದೆ ಹೋದನು.

ತುಂಗಭದ್ರಾ ಅಣೆಕಟ್ಟಿನ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋದ ವರ್ಷ, ಎಂದರೆ 2024ರಲ್ಲಿ, ದೀಪಾವಳಿಗೆ ಮುಂಚೆ ಅಣ್ಣನು ಪರಿಹಾರವೊಂದನ್ನು ತಂದನು. ಅವನ ಬೀಗರ ಬಳಿ ಏಳು ಜನ ಕೂಡುವ ಎತ್ತರದ ಡೀಸೆಲ್ ಗಾಡಿಯೊಂದಿತ್ತು. ₹2,60,000ಕ್ಕೆ ಕೊಡುತ್ತಾರೆ, ಅರ್ಧ ಹಣವನ್ನು ತಾನೇ ಹಾಕುತ್ತಾನೆ, ಅವ್ವ ತನಗೂ ಅವ್ವನೇ ಅಲ್ಲವೇ? ಅಣ್ಣನ ಮಾತಿನಲ್ಲಿ ಕಪಟವಿರಲಿಲ್ಲ. ಆದರೆ ನನ್ನನ್ನು ಕೇಳುವುದಕ್ಕೆ ಮೊದಲೇ ಬೀಗರಿಗೆ ಮಾತು ಕೊಟ್ಟಿದ್ದನು. ಮುಂದಿನ ಕಷ್ಟಕ್ಕೆಲ್ಲ ಬೀಜ ಅಲ್ಲಿತ್ತು.

ಗಾಡಿ ಮನೆಯ ಮುಂದೆ ಬಂದು ನಿಂತಿತು. ಅದರ ಆಸನ ನನ್ನ ಸೊಂಟದ ಎತ್ತರಕ್ಕಿತ್ತು. ಅಣ್ಣನು ಕಂಕುಳಲ್ಲಿ ಕೈಕೊಟ್ಟನು, ನಾನು ಕಾಲನ್ನು ಹಿಡಿದೆನು. ಜೋಳದ ಚೀಲವನ್ನು ಅಟ್ಟಕ್ಕೇರಿಸುವಂತೆ ಇಬ್ಬರೂ ಕೂಡಿ ಅವ್ವನನ್ನು ಮೇಲಕ್ಕೇರಿಸಿದೆವು. ಸೀರೆ ಮೊಣಕಾಲಿನವರೆಗೆ ಸರಿಯಿತು. ಬೀದಿಯಲ್ಲಿ ಜನ ನಿಂತಿದ್ದರು. ಅವ್ವ ತುಟಿ ಬಿಗಿಹಿಡಿದು ಸೀರೆಯನ್ನು ಎಳೆದುಕೊಂಡಳು. ಇಂಜನ್ನು ಚಾಲೂ ಆಯಿತು. ಚಳಿಗಾಲದ ಮುಂಜಾನೆಯಾದ್ದರಿಂದ ಹಿಂದಿನಿಂದ ಕಪ್ಪು ಹೊಗೆ ದಟ್ಟವಾಗಿ ಎದ್ದು ತೆರೆದ ಬಾಗಿಲಿನಿಂದ ಒಳಕ್ಕೆ ನುಗ್ಗಿತು. ಅವ್ವನಿಗೆ ಮೊದಲೇ ಉಬ್ಬಸ, ಕೆಮ್ಮತೊಡಗಿದಳು. ಅಣ್ಣನು ಸಮಾಧಾನಕ್ಕೆಂದು, “ತಣ್ಣಗಿದ್ದಾಗ ಹಂಗ ಅವ್ವಾ. ಡೀಸೆಲ್ ಗಾಡಿಗೆ ದಮ್ಮು ಐತಿ,” ಎಂದನು. ಅವ್ವ ಕೆಮ್ಮಿನ ನಡುವೆಯೇ, “ದಮ್ಮು ನನಗೂ ಐತೆಪ್ಪಾ,” ಎಂದಳು. ನಾವು ನಕ್ಕೆವು. ಆದರೆ ರಾತ್ರಿ ಊಟದ ಹೊತ್ತಿಗೆ ಅವಳು, “ಇನ್ನ ನನ್ನ ಎಲ್ಲಿಗೂ ಕರಕೊಂಡು ಹೋಗಬ್ಯಾಡ. ಇಲ್ಲೇ ಇರತೀನಿ,” ಎಂದಾಗ ನನಗೆ ತುತ್ತು ಇಳಿಯಲಿಲ್ಲ. ತನ್ನನ್ನು ಹೊರೆಯಂತೆ ಎತ್ತುವುದಾದರೆ ಕಂಪ್ಲಿಯೂ ಬೇಡ, ವಿರೂಪಾಕ್ಷನೂ ಬೇಡ ಎಂಬುದು ಅದರ ಅರ್ಥ.

ಆಸನ ಅವಳ ಕುರ್ಚಿಯಷ್ಟೇ ಎತ್ತರವಿರಬೇಕು, ಕುರ್ಚಿ ಹಿಂದೆ ಹಿಡಿಯಬೇಕು ಎಂಬ ಎರಡು ಸೂತ್ರಗಳನ್ನು ಹಿಡಿದು ನಾನು ಹುಡುಕತೊಡಗಿದೆನು. ಎರಡಕ್ಕೂ ಹೊಂದುವುದು ಎಸ್ಟೇಟ್ ಕಾರು. ಸಾಧಾರಣ ಕಾರಿನ ಛಾವಣಿಯನ್ನೇ ಬಾಲದವರೆಗೆ ಎಳೆದು, ಡಿಕ್ಕಿಗೂ ಕೂಡುವ ಜಾಗಕ್ಕೂ ನಡುವಣ ಗೋಡೆಯನ್ನು ತೆಗೆದು, ಹಿಂದೆ ಮೇಲಕ್ಕೆತ್ತುವ ಬಾಗಿಲನ್ನಿಟ್ಟರೆ ಅದು ಎಸ್ಟೇಟ್ ಆಗುತ್ತದೆ. ಯೂರೋಪಿನ ಸಂಸಾರಸ್ಥರಿಗೆ ಇದು ಬಲು ಮೆಚ್ಚು. ನಮ್ಮವರಿಗೆ ಏಕೋ ಹಿಡಿಸಲಿಲ್ಲ. ಟಾಟಾದವರು 1992ರಲ್ಲಿ ‘ಎಸ್ಟೇಟ್’ ಎಂಬ ಹೆಸರಿನಿಂದಲೇ ಒಂದನ್ನು ಹೊರತಂದರು. ಆಮೇಲೆ ಬಲೆನೊ ಆಲ್ಟುರಾ, ಕೋರ್ಸಾ ಸ್ವಿಂಗ್, ಇಂಡಿಗೊ ಮರೀನಾ ಮೊದಲಾದವು ಬಂದು ಹೋದವು. ನಾಲ್ಕು ಗಾಲಿಯ ಮೇಲೆ ಹಣ ಹಾಕುವವನಿಗೆ ಡಿಕ್ಕಿ ಪ್ರತ್ಯೇಕವಾಗಿ ಎದ್ದು ಕಾಣಬೇಕು, ಇಲ್ಲವೇ ಗಾಡಿ ಗುಡ್ಡದಂತೆ ಎತ್ತರವಾಗಿರಬೇಕು. ಎರಡೂ ಅಲ್ಲದ್ದನ್ನು ನೋಡಿ ಜನ ಆಂಬುಲೆನ್ಸೆಂದರು. ಕೊಳ್ಳುವವರಿಲ್ಲದ ಸರಕು ಹಳತಾದ ಮೇಲೆ ಅಗ್ಗವಾಗುವುದು ನನ್ನಂಥವನ ಭಾಗ್ಯ.

ಬಳ್ಳಾರಿಯಲ್ಲಿ 2008ರ ಗಾಡಿಯೊಂದಿದೆಯೆಂದು ತಿಳಿಯಿತು. ಯಾವ ಕಂಪನಿಯದೆಂದು ಬರೆದರೆ ಜಾಹೀರಾತಾದೀತು, ಬಿಡುತ್ತೇನೆ. ಪೆಟ್ರೋಲ್ ಇಂಜನ್ನು, ಓಡಿದ್ದು 48,000 ಕಿಲೋಮೀಟರು, ಮಾಲೀಕರು ನನ್ನಂತೆಯೇ ಪಿಂಚಣಿದಾರರು, ಬೆಲೆ ₹1,20,000. ನನಗೆ ಮೂವತ್ತು ವರ್ಷಗಳಿಂದ ಸ್ಕೂಟರು ರಿಪೇರಿ ಮಾಡಿಕೊಟ್ಟ ಮಿಸ್ತ್ರಿ ಸಾಹೇಬರನ್ನು ಬಸ್ಸಿನಲ್ಲಿ ಜೊತೆಗೆ ಕರೆದುಕೊಂಡು ಹೋದೆನು. ಅವರು ಹಿಂದಿನ ದಿನವೇ, “ಮೇಷ್ಟ್ರೇ, ನಾವು ಬರೋ ತನಕ ಇಂಜನ್ ಚಾಲೂ ಮಾಡಬ್ಯಾಡ್ರಿ ಅಂತ ಫೋನ್ ಮಾಡ್ರಿ,” ಎಂದಿದ್ದರು. ಬಿಸಿಯಾದ ಇಂಜನ್ನು ತನ್ನ ರೋಗವನ್ನು ಬಚ್ಚಿಡುತ್ತದೆಯಂತೆ. ಹೋದವರೇ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ತಣ್ಣಗಿದೆಯೆಂದು ಖಾತ್ರಿ ಮಾಡಿಕೊಂಡರು. ಬಳಿಕ ಸೈಲೆನ್ಸರಿನ ಬಾಯಿಗೆ ಬಿಳಿಯ ಬಟ್ಟೆ ಹಿಡಿದು ಚಾಲೂ ಮಾಡಿಸಿದರು. ನೀಲಿ ಹೊಗೆಯಿಲ್ಲ, ಎಣ್ಣೆಯ ಕಲೆಯಿಲ್ಲ. ಡಿಕ್ಕಿಯ ಹಾಸನ್ನೆತ್ತಿ ತುಕ್ಕನ್ನೂ ಬೆಸುಗೆಯನ್ನೂ ಹುಡುಕಿದರು. ಚಾಸಿಯ ಮೇಲಿನ ಅಂಕೆಗಳನ್ನು ಆರ್.ಸಿ.ಯೊಡನೆ ಒಂದೊಂದಾಗಿ ತಾಳೆ ನೋಡಿದರು. ಖಾಸಗಿ ಕಾರಿಗೆ ಹದಿನೈದು ವರ್ಷ ತುಂಬಿದರೆ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕಷ್ಟೆ. ಇದಕ್ಕೆ 2028ರವರೆಗೆ ಆಗಿತ್ತು. ಟೈಮಿಂಗ್ ಬೆಲ್ಟನ್ನು ಯಾವಾಗ ಬದಲಿಸಿದ್ದೆಂಬುದಕ್ಕೆ ಚೀಟಿಯಿರಲಿಲ್ಲ. “ಊರಿಗೆ ಹೋದಕೂಡಲೇ ಹೊಸದು ಹಾಕೋಣ, ಅದನ್ನ ನಂಬಬಾರದು,” ಎಂದರು. ನಾನು ಮಾತ್ರ ಮಾಡಿದ ಪರೀಕ್ಷೆ ಒಂದೇ: ಮನೆಯಿಂದ ತಂದಿದ್ದ ಹುರಿಯಿಂದ ಆಸನದ ಎತ್ತರವನ್ನು ಅಳೆದೆನು. ಅವ್ವನ ಕುರ್ಚಿಗೆಂದು ಹಾಕಿದ್ದ ಗಂಟಿಗೂ ಅದಕ್ಕೂ ಎರಡು ಬೆರಳಿನ ಅಂತರ.

ಕಂಪ್ಲಿಗೆ ಹೋಗಿ ಅಣ್ಣನ ಮುಂದೆ ಲೆಕ್ಕವನ್ನಿಟ್ಟೆನು. ಮೇಷ್ಟರ ಚಟ. ಕಂಪ್ಲಿ, ಸಂಡೂರು, ಹಂಪಿ, ಊರೊಳಗಿನ ಆಸ್ಪತ್ರೆ ಎಲ್ಲ ಕೂಡಿದರೆ ವರ್ಷಕ್ಕೆ 3,000 ಕಿಲೋಮೀಟರು. ನೆಂಟರ ಮದುವೆ, ಹುಬ್ಬಳ್ಳಿಯ ವೈದ್ಯರು ಎಂದು ಮತ್ತೊಂದು ಸಾವಿರ. ಆಗ ಪೆಟ್ರೋಲು ಲೀಟರಿಗೆ ಸುಮಾರು ₹104, ಡೀಸೆಲ್ಲು ₹90ರ ಆಸುಪಾಸು. ಇದು ಲೀಟರಿಗೆ ಹನ್ನೆರಡು ಕೊಟ್ಟರೆ ವರ್ಷಕ್ಕೆ ಮೂವತ್ತೈದು ಸಾವಿರದಷ್ಟು. ಬೀಗರದು ಹದಿಮೂರು ಕೊಟ್ಟರೆ ಇಪ್ಪತ್ತೆಂಟು ಸಾವಿರದಷ್ಟು. ಡೀಸೆಲ್ಲಿನಿಂದ ವರ್ಷಕ್ಕೆ ಉಳಿಯುವುದು ಏಳು ಸಾವಿರ. ಕೊಳ್ಳುವಾಗ ಹೆಚ್ಚು ಕೊಡುವುದು ₹1,40,000. ಆ ಹಣ ಹಿಂದಕ್ಕೆ ಬರಲು ಇಪ್ಪತ್ತು ವರ್ಷ ಬೇಕು. ಆಗ ನನಗೆ ಎಂಬತ್ತಮೂರು. ಅಣ್ಣನ ತಲೆಯಲ್ಲಿದ್ದದ್ದು ಹಳೆಯ ಲೆಕ್ಕ. 2010ರಲ್ಲಿ ಸರಕಾರವು ಪೆಟ್ರೋಲಿನ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟು ಡೀಸೆಲ್ಲಿನದನ್ನು ಹಿಡಿದುಕೊಂಡಿತ್ತು. ಲೀಟರಿಗೆ ಇಪ್ಪತ್ತೈದು ಮೂವತ್ತು ರೂಪಾಯಿ ಅಂತರ ಬಿದ್ದು, ಮೇಷ್ಟರುಗಳೂ ಡೀಸೆಲ್ ಕಾರು ಕೊಂಡ ಕಾಲವದು. 2014ರ ಅಕ್ಟೋಬರಿನಲ್ಲಿ ಡೀಸೆಲ್ಲನ್ನೂ ಮಾರುಕಟ್ಟೆಗೆ ಬಿಟ್ಟ ಮೇಲೆ ಆ ಕಾಲ ಮುಗಿಯಿತು.

ಲೆಕ್ಕದ ಆಚೆಗೂ ಒಂದು ಮಾತಿತ್ತು. ಡೀಸೆಲ್ ಇಂಜನ್ನಿನಲ್ಲಿ ಕಿಡಿಯಿಲ್ಲ. ಬರಿಯ ಗಾಳಿಯನ್ನು ಇಪ್ಪತ್ತರಲ್ಲೊಂದು ಪಾಲಿನಷ್ಟಕ್ಕೆ ಒತ್ತಿದರೆ ಅದು ಕಾಯ್ದ ಕಬ್ಬಿಣದಂತಾಗುತ್ತದೆ; ಎಣ್ಣೆಯನ್ನು ಚಿಮ್ಮಿದೊಡನೆ ತಾನೇ ಹತ್ತಿಕೊಳ್ಳುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದ ಹುಡುಗರಿಗೆಲ್ಲ ಪಂಪಿನ ಬುಡ ಬಿಸಿಯಾಗುವುದು ಗೊತ್ತು, ಅದೇ ತತ್ತ್ವ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಇಂಜಿನಿಯರು 1897ರಲ್ಲಿ ಅದನ್ನು ನಡೆಸಿ ತೋರಿಸಿದನು. ದಿನವಿಡೀ ನೀರೆತ್ತುವ ಪಂಪಿಗೆ, ನೂರಾರು ಮೈಲಿ ಭಾರ ಹೊರುವ ಲಾರಿಗೆ ಅದಕ್ಕೆ ಸಮವಿಲ್ಲ. ತಂದೆಯವರ ಆಯ್ಕೆ ತಪ್ಪೆಂದು ನಾನೆಂದೂ ಹೇಳಲಾರೆ. ಆದರೆ ಮೂರು ಕಿಲೋಮೀಟರು ಹೋಗಿ ಆಸ್ಪತ್ರೆಯ ಮುಂದೆ ನಿಲ್ಲುವ ಗಾಡಿಯಲ್ಲಿ ಆ ಇಂಜನ್ನು ಮೈ ಕಾಯುವುದರೊಳಗೆ ಪ್ರಯಾಣ ಮುಗಿದಿರುತ್ತದೆ; ಮಸಿ ಮಾತ್ರ ಉಳಿಯುತ್ತದೆ. 2020ರ ಏಪ್ರಿಲಿನ ಬಳಿಕ ಬಂದ ಡೀಸೆಲ್ ಕಾರುಗಳಲ್ಲಿ ಮಸಿ ಸೋಸುವ ಜಾಲರಿಯಿದೆ. ಅದಾದರೂ ಆಗಾಗ ದೂರದ ಓಟ ಸಿಕ್ಕದಿದ್ದರೆ ಕಟ್ಟಿಕೊಳ್ಳುತ್ತದೆ. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲಿ ನಿರ್ಣಯಿಸಿದೆ. ನಮ್ಮ ಸೀಮೆಯವರಿಗೆ ಇದನ್ನು ಪರದೇಶದವರು ಹೇಳಬೇಕಾಗಿರಲಿಲ್ಲ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯುವವರೆಗೆ ಸಂಡೂರಿನ ಗುಡ್ಡಗಳಿಂದ ಅದಿರಿನ ಲಾರಿಗಳು ಹಗಲಿರುಳು ಇಳಿಯುತ್ತಿದ್ದುದನ್ನು ನೆನೆಯಿರಿ. ಹೊಗೆ ಕಪ್ಪು, ಧೂಳು ಕೆಂಪು. ಒಗೆದ ಸೀರೆಯನ್ನು ಹೊರಗೆ ಹರವಿದರೆ ಎರಡೂ ಬಣ್ಣ. ಅವ್ವ ಆಗ ನನ್ನ ತಂಗಿಯ ಬಾಣಂತನಕ್ಕೆಂದು ಸಂಡೂರಿನಲ್ಲಿ ಐದು ತಿಂಗಳಿದ್ದಳು. ಅವಳ ಉಬ್ಬಸ ಅಲ್ಲಿಂದ ಬಂದದ್ದೆಂದು ವೈದ್ಯರು ಹೇಳಿಲ್ಲ. ಅಲ್ಲಿಂದ ಬಂದ ಮೇಲೆ ಶುರುವಾಯಿತೆಂದು ನಾನು ಬಲ್ಲೆ.

ಅಣ್ಣನು ಎಲ್ಲವನ್ನೂ ಕೇಳಿದನು. “ನೀ ಓದಿದಾಂವ, ಲೆಕ್ಕ ನಿನಗ ಬರತೈತಿ. ನಾ ಕೊಟ್ಟ ಮಾತು ಯಾವ ಲೆಕ್ಕಕ್ಕ?” ಎಂದು ಕೇಳಿ ಹೆಗಲಿಗೆ ಟವೆಲ್ಲನ್ನು ಹಾಕಿಕೊಂಡು ಹೊಲಕ್ಕೆ ನಡೆದನು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಕಾರು ಬಂದಿತು. ಬಾಗಿಲು ತೆರೆದು ಕುರ್ಚಿಯನ್ನು ಒತ್ತಿ ನಿಲ್ಲಿಸಿದರೆ ಅವ್ವ ಕೈಯೂರಿ ತಾನೇ ಆಸನಕ್ಕೆ ಸರಿಯುತ್ತಾಳೆ. ನಾನು ಕಾಲನ್ನೆತ್ತಿ ಒಳಗಿಟ್ಟರೆ ಆಯಿತು. ಮಾರ್ಗಶಿರದಲ್ಲಿ ಹಂಪಿಯ ಫಲಪೂಜೆಗೆ ಹೋದೆವು. ವಿಠ್ಠಲ ದೇವಾಲಯಕ್ಕೂ ಹೋಗೋಣವೆಂದಳು; ಅಲ್ಲಿ ಹೊಗೆಬಂಡಿಗಳನ್ನು ದೂರದಲ್ಲಿಯೇ ತಡೆದು ಬ್ಯಾಟರಿಯ ಗಾಡಿಗಳಲ್ಲಿ ಒಯ್ಯುತ್ತಾರೆ. “ಇಂಥಾದ್ದು ಯಾಕ ತರಲಿಲ್ಲ?” ಎಂದು ಕೇಳಿದಳು. ಪಿಂಚಣಿಯ ಕಥೆಯನ್ನು ಅವಳಿಗೆ ಏನೆಂದು ಹೇಳಲಿ!

ಕೊಂಡ ಕಾರಿನ ದೋಷಗಳನ್ನು ಮುಚ್ಚಿಡುವುದು ಸಲ್ಲದು. ಹನ್ನೆರಡೆಂದು ನಂಬಿದ್ದು ಹನ್ನೊಂದನ್ನೇ ಕೊಟ್ಟಿತು. ಮೇಲಾಗಿ ಪೆಟ್ರೋಲಿನಲ್ಲಿ ಐದರಲ್ಲೊಂದು ಪಾಲು ಎಥನಾಲ್ ಬೆರೆಸುವುದು 2025ರಲ್ಲಿ ದೇಶದಲ್ಲೆಲ್ಲ ರೂಢಿಯಾಯಿತು. ಅದಕ್ಕೆ ಒಗ್ಗದ ಹಳೆಯ ರಬ್ಬರು ಕೊಳವೆಗಳನ್ನು ಮಿಸ್ತ್ರಿ ಸಾಹೇಬರು ಬದಲಿಸಿದರು, ಓಟ ಇನ್ನಷ್ಟು ತಗ್ಗಿತು. ಎಥನಾಲ್ ಕಬ್ಬಿನಿಂದಲೂ ಆಗುತ್ತದೆ. ಕಬ್ಬು ಬೆಳೆಯುವ ಅಣ್ಣನು ಮಾತು ಬಿಟ್ಟಿದ್ದರೂ ಅವನ ಬೆಳೆ ನನ್ನ ಟ್ಯಾಂಕನ್ನು ಬಿಟ್ಟಿಲ್ಲವೆಂದು ಹೆಂಡತಿಯ ಮುಂದೆ ನಗೆಯಾಡಿದೆನು. ಅವಳು ನಗಲಿಲ್ಲ.

ತಿಂಗಳಿಗೆ ಎರಡು ಸಲ ಕಮಲಾಪುರ, ಬುಕ್ಕಸಾಗರ, ರಾಮಸಾಗರಗಳನ್ನು ಹಾದು ಕಂಪ್ಲಿಗೆ ಹೋಗುತ್ತಿದ್ದೆವು. ಕಾರು ಅಂಗಳಕ್ಕೆ ಬಂದರೆ ಅಣ್ಣನು ಹಿತ್ತಲ ಬಾಗಿಲಿನಿಂದ ಹೊಲಕ್ಕೆ ಹೋಗುತ್ತಿದ್ದನು. ನಾನು ಮಲಗಿದ ಮೇಲೆ ಬಂದು ಅವ್ವನ ಕಾಲನ್ನು ಒತ್ತುತ್ತಿದ್ದನೆಂದು ಅತ್ತಿಗೆ ಹೇಳಿದರು. ಯುಗಾದಿಯ ದಿನ ಅವನಿಗೆ ಹೊಲವಿರಲಿಲ್ಲ. ಕಟ್ಟೆಯ ಮೇಲೆ ಕುಳಿತಿದ್ದನು. ಅವ್ವ ನನ್ನನ್ನು ದೂರ ಸರಿಯೆಂದು ಸನ್ನೆ ಮಾಡಿ, ಬಾಗಿಲಿನ ಹಿಡಿಯನ್ನು ಹಿಡಿದು, ಸೀರೆಯ ನೆರಿಗೆಯನ್ನು ಸರಿಪಡಿಸಿಕೊಂಡು, ಆಸನದಿಂದ ಕುರ್ಚಿಗೆ ತಾನಾಗಿ ಇಳಿದಳು. ಬೀದಿಯಲ್ಲಿ ಅಂದೂ ಜನವಿದ್ದರು. ಅಣ್ಣನು ನೋಡಿದನು, ಎದ್ದು ಬಂದು ಕುರ್ಚಿಯನ್ನು ಒಳಕ್ಕೆ ತಳ್ಳಿಕೊಂಡು ಹೋದನು.

ಸಂಜೆ ಹೊರಡುವಾಗ ಡಿಕ್ಕಿಯನ್ನು ತೆರೆಯೆಂದನು. ಐದು ತಿಂಗಳ ಮೇಲಿನ ಮೊದಲ ಮಾತು. ಎರಡು ಚೀಲ ಸೋನಾ ಅಕ್ಕಿಯನ್ನು ತಂದು ಒಳಗೆ ನೂಕಿದನು, ಆ ಬದಿ ಈ ಬದಿ ನೋಡಿದನು. “ಲೀಟರಿಗೆ ಎಷ್ಟು ಕೊಡತೈತಿ?” ಎಂದು ಕೇಳಿದನು. “ಹತ್ತೂವರೆ,” ಎಂದೆ. ಅವನ ಮೀಸೆಯ ಅಡಿಯಲ್ಲಿ ತೃಪ್ತಿಯೊಂದು ಸುಳಿದು ಹೋಯಿತು. ಮೂರನೆಯ ಚೀಲಕ್ಕೆಂದು ಅವನು ತಿರುಗುತ್ತಿದ್ದಂತೆ ಮುಂದಿನ ಆಸನದಿಂದ ಅವ್ವ ಕೂಗಿದಳು: “ನನ್ನ ಕುರ್ಚಿ ಮ್ಯಾಲ ಏನೂ ಹೇರಬ್ಯಾಡ್ರೋ!”